ಆಫ್ರಿಕಾದ ಮಿಡಿ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಸರೋಜಕ್ಕ ನನ್ನ ಬಾಳೆಲೆಯ ತುದಿಗೆ ಒಂದು ಉಪ್ಪಿನಕಾಯಿ ಮಿಡಿ ಹಾಕಿದರು. ಅವರ ಊಟದ ಮನೆಯ ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ಹೊತ್ತು ನೆನಪಿದೆ. ಅಲ್ಲಿಯವರೆಗೆ ಆ ದಿನ ಚೆನ್ನಾಗಿಯೇ ಇತ್ತು. ಮಜ್ಜಿಗೆ ಅನ್ನ ಕಲಸಿಕೊಂಡಿದ್ದೆ. ಮಿಡಿ ಎತ್ತಿ ಬಾಯಿಗೆ ಇಟ್ಟೆ. ಹಲ್ಲು ಊರುವ ಮೊದಲು ನಾಲಿಗೆಗೆ ಮೂರು ಏಣು ತಾಗಿದವು.

ಮಾವಿನ ಮಿಡಿಗೆ ಏಣು ಇರುವುದಿಲ್ಲ.

ಅಂಗೈಗೆ ಉಗಿದು ನೋಡಿದೆ. ಖಾರದ ಮಸಾಲೆ ಒರೆಸಿ, ಉಗುರಿನಿಂದ ಸೀಳಿದೆ. ಒಳಗೆ ಮೂರು ಕೋಣೆ, ಕೋಣೆಗೊಂದು ಎಳೆಯ ಬೀಜ. ಎಡಗೈಯಲ್ಲಿ ನೀರಿನ ಚೊಂಬು ಎತ್ತಿಕೊಂಡು ಅಂಗಳಕ್ಕೆ ಓಡಿ ಬಾಯಿ ತೊಳೆದೆ. ಹಿಂದಿನಿಂದ ಸರೋಜಕ್ಕ ಕೇಳುತ್ತಿದ್ದರು, "ಎಂತಾತೇ ತಂಗಿ? ಉಪ್ಪು ಜಾಸ್ತಿ ಆತಾ?"

ಮುಂದೆ ಆದದ್ದನ್ನು ಹೇಳುವ ಮೊದಲು, ಒಬ್ಬ ಸರ್ಕಾರಿ ನೌಕರಿಯವಳು ಉಪ್ಪಿನಕಾಯಿಯ ಬೆನ್ನು ಹತ್ತಿ ಇಡೀ ಜಿಲ್ಲೆ ಓಡುವ ಹಂತಕ್ಕೆ ಹೇಗೆ ಬಂದಳು ಎಂದು ಹೇಳಬೇಕು. ತೋಟಗಾರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಾರೆ, "ಮೇಡಂ, ಫೀಲ್ಡ್ ಹೇಗಿರುತ್ತೆ?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಪದವಿ ಮುಗಿಸಿ ಸೇರಿದವಳು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೇ ತಾಲ್ಲೂಕುಗಳಲ್ಲಿ ಸುತ್ತಿ ನಿವೃತ್ತಳಾದೆ. ಯಾವಾಗ ಯಾವ ಕುರ್ಚಿಯಲ್ಲಿ ಕೂತಿದ್ದೆ ಎಂಬುದು ಮುಖ್ಯವಲ್ಲ. ಕುರ್ಚಿಗಳೆಲ್ಲ ಒಂದೇ ಥರ ಕಿರುಗುಟ್ಟುತ್ತಿದ್ದವು.

ನಾನು ಸೇರಿದಾಗ ಗಿಡ ಎಂದರೆ ಇಲಾಖೆಯ ಸಸ್ಯಕ್ಷೇತ್ರದ ಗಿಡ. ಸಪೋಟ, ಮಾವಿನ ಕಸಿ, ಕಾಳುಮೆಣಸಿನ ಬಳ್ಳಿ. ಬಂದವರಿಗೆ ತಾವು ಒಯ್ಯುವ ಗಿಡದ ಅಜ್ಜ ಅಜ್ಜಿ ಯಾವ ಸಾಲಿನಲ್ಲಿದ್ದಾರೆ ಎಂದು ನಾವು ಕೈ ಮಾಡಿ ತೋರಿಸಬಹುದಿತ್ತು. ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಫೋನಿನಲ್ಲಿ ಹಣ್ಣಿನ ಗುಂಪುಗಳು ಬಂದವು. ಬ್ರೆಜಿಲ್ಲಿನ ಜಬೋಟಿಕಾಬ, ಸುರಿನಾಮ್ ಚೆರ್ರಿ, ಪೀನಟ್ ಬಟರ್ ಹಣ್ಣು, ಪಶ್ಚಿಮ ಆಫ್ರಿಕಾದ ಮಿರಾಕಲ್ ಹಣ್ಣು ಎಲ್ಲವೂ ಕೊರಿಯರ್ ಡಬ್ಬಿಯಲ್ಲಿ ತೆಂಗಿನ ನಾರಿನ ಉಂಡೆಯೊಳಗೆ ಕೂತು ಹೊಸನಗರದ ಬಸ್ ಸ್ಟ್ಯಾಂಡಿಗೆ ಇಳಿಯತೊಡಗಿದವು. ನಾನು ಕಾಲೇಜಿನಲ್ಲಿ ಇವುಗಳನ್ನೆಲ್ಲ ಓದಿದ್ದು ಒಂದೇ ಒಂದು ತರಗತಿಯಲ್ಲಿ, ಅದೂ ಪಾಠಗಳೆಲ್ಲ ಮುಗಿದು ಗಂಟೆ ಹೊಡೆಯಲು ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು ಎಂಬ ಕಾರಣಕ್ಕೆ.

ತೀರ್ಥಹಳ್ಳಿಯ ಹತ್ತಿರ ಒಬ್ಬರು ಮೇಷ್ಟ್ರು ಜಬೋಟಿಕಾಬ ನೆಟ್ಟಿದ್ದರು. ಅದರ ಹಣ್ಣು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡಕ್ಕೇ ಕಪ್ಪು ಗೋಲಿಗಳನ್ನು ಅಂಟಿಸಿದ ಹಾಗೆ ಬಿಡುತ್ತದೆ. ಮೇಷ್ಟ್ರು ತರಬೇತಿಗೆ ಹೋದ ವಾರವೇ ಅದಕ್ಕೆ ಮೊದಲ ಕಾಯಿ ಕಚ್ಚಿತು. ಮನೆಯಲ್ಲಿದ್ದ ಅವರ ಮಾವ ಗಾಬರಿಯಾಗಿ ನನಗೆ ಫೋನ್ ಮಾಡಿದರು. "ಮೇಡಂ, ಅಳಿಯನ ಗಿಡಕ್ಕೆ ಮೈಯೆಲ್ಲಾ ಗಂಟೆದ್ದಿದೆ. ಬೋರ್ಡೋ ಹೊಡ್ದಿದೀನಿ. ಇನ್ನೊಂದ್ಸಲ ಹೊಡೀಲಾ?" ಹೋಗಿ ನೋಡಿದರೆ ಗಿಡ ಬುಡದಿಂದ ಎದೆಮಟ್ಟದವರೆಗೆ ನೀಲಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣವನ್ನು ಅವರು ಕೈಬಿಚ್ಚಿ ಬಳಸಿದ್ದರು. ಔಷಧಿ ತಾಗದ ಮೇಲಿನ ಕಾಂಡದಿಂದ ಒಂದು ಗೋಲಿ ಕಿತ್ತು ನಾನು ಬಾಯಿಗೆ ಹಾಕಿಕೊಂಡಾಗ ಅವರು ಮನೆಯೊಳಗೆ ಕೂಗಿ ಹೇಳಿದರು, "ಏ ಬಾರೇ ಇಲ್ಲಿ, ಮೇಡಂ ರೋಗ ತಿಂತಿದಾರೆ!"

ನಿಟ್ಟೂರಿನ ಹತ್ತಿರದ ಗಣಪಣ್ಣನಿಗೆ ಮಾತ್ರ ಯಾವ ಗಿಡ ಕಂಡರೂ ಗಾಬರಿಯಿರಲಿಲ್ಲ. ಎಪ್ಪತ್ತರ ಆಸುಪಾಸಿನ ಒಣಕಲು ಮನುಷ್ಯ. ಮೊದಲು ತಿನ್ನುವುದು, ಹೆಸರು ಆಮೇಲೆ ಕೇಳುವುದು, ಇದು ಅವರ ಪದ್ಧತಿ. ಮನೆಯ ಹಿಂದಿನ ದಿಬ್ಬದಲ್ಲಿ ಎಲ್ಲೆಲ್ಲಿಯ ಗಿಡಗಳನ್ನೋ ತಂದು ನೆಟ್ಟಿದ್ದರು. ಅವರ ಹೆಂಡತಿ ಸರೋಜಕ್ಕ ಪ್ರತಿ ಗಿಡ ಬಂದಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಇದ್ರ ಮಿಡಿ ಉಪ್ಪಿಗೆ ಬತ್ತಾ?" ನಾನೂ ಅವರ ಮನೆಮಾತಿನವಳೇ ಎಂದು ಗೊತ್ತಾದ ದಿನದಿಂದ ನನಗೆ ಅವರು ಮೇಡಂ ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದ್ದರು.

ಒಮ್ಮೆ ನನ್ನ ಮೇಲಧಿಕಾರಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಜೀಪಿನಿಂದ ಇಳಿಯುವ ಮೊದಲೇ ಯೋಜನೆ ಮಂಜೂರು ಮಾಡುವ ಸ್ವಭಾವದವರು. ಗಣಪಣ್ಣ ಅವರ ಕೈಗೆ ಮಿರಾಕಲ್ ಹಣ್ಣು ಕೊಟ್ಟು, "ಚೀಪಿ ಸ್ವಾಮಿ, ದಣಿವಿಗೆ ಒಳ್ಳೇದು" ಎಂದರು. ಆ ಪುಟ್ಟ ಕೆಂಪು ಹಣ್ಣನ್ನು ಚೀಪಿದ ಮೇಲೆ ಸ್ವಲ್ಪ ಹೊತ್ತು ಹುಳಿಯೆಲ್ಲ ನಾಲಿಗೆಗೆ ಸಿಹಿಯಾಗುತ್ತದೆ ಎಂಬುದನ್ನು ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದಾಗ ಗಣಪಣ್ಣ ನನ್ನ ಕಡೆ ಕಣ್ಣು ಹೊಡೆದರು. ಆಮೇಲೆ ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳು ಬಂತು. ಸಾಹೇಬರು ಒಂದು ತಿಂದರು, ಇನ್ನೊಂದು ತಿಂದರು, ಮೂರನೆಯದರ ಸಿಪ್ಪೆಯನ್ನೂ ಬಿಡಲಿಲ್ಲ.

"ಯಾವ ತಳಿರೀ ಇದು?"

"ಮನೆ ತಳಿ ಸ್ವಾಮಿ. ಅಜ್ಜನ ಕಾಲದ್ದು."

ಸಾಹೇಬರು ಒಂದು ಚೀಲ ನಿಂಬೆ ಹೇರಿಕೊಂಡು ಹೊಸನಗರಕ್ಕೆ ಹೋದರು. ಸಂಜೆ ಪ್ರವಾಸಿ ಮಂದಿರದಲ್ಲಿ ಇನ್ನೊಬ್ಬ ಅಧಿಕಾರಿಗೆ ಅದನ್ನು ಹೆಚ್ಚಿಕೊಟ್ಟು, ತಾವೂ ಒಂದು ಹೋಳು ಕಚ್ಚಿ, ನನಗೆ ಫೋನ್ ಮಾಡಿದರು. "ಏನ್ರೀ ಇದು, ನಿಂಬೆಹಣ್ಣು ಹುಳಿ ಆಗ್ಬಿಟ್ಟಿದೆ!"

"ಸಾರ್, ನಿಂಬೆಹಣ್ಣು ಅಲ್ವಾ" ಎಂದೆ. ಅವರು ಆ ವರ್ಷವೆಲ್ಲ ನನ್ನ ಜೊತೆ ಕಡತದ ಮೂಲಕವೇ ಮಾತಾಡಿದರು.

ಇಂಥ ಮನೆಗೆ ಆ ದಿನ ಊಟಕ್ಕೆ ಹೋಗಿದ್ದೆ. ನನ್ನ ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಉಳಿದಿದ್ದವು. ಜೊತೆಗೆ ಜೀಪ್ ಡ್ರೈವರ್ ರಫೀಕ್. ರಿಪ್ಪನ್‌ಪೇಟೆಯವನು, ಇಂಜಿನ್ ಆಫ್ ಮಾಡಿದರೂ ಬಾಯಿ ಆಫ್ ಮಾಡದವನು.

ಬಾಯಿ ತೊಳೆದು ಒಳಗೆ ಬಂದವಳು ಸರೋಜಕ್ಕನನ್ನು ಕೇಳಿದೆ, "ಇದು ಎಂತದ್ರ ಮಿಡಿ ಅಕ್ಕಾ?"

"ಈ ಸಲ ಮಾವಿನ ಮಿಡಿ ಹಿಡಿದಿದ್ದೇ ಇಲ್ಲೆ. ಇವ್ರು ತಂದು ನೆಟ್ಟ ಗಿಡ ಒಂದು ಗೊಂಚಲು ಗೊಂಚಲು ಬಿಟ್ಟಿತ್ತು. ಕೊಯ್ದು ಉಪ್ಪಿಗೆ ಹಾಕ್ದಿ. ಚೊಲೋ ಮುರುಟಿದ್ದು ನೋಡು."

"ಯಾರ್ಯಾರು ತಿಂದಿದ್ದ?"

"ಯಾರೂ ಮುಟ್ಟಿದ್ದಿಲ್ಲೆ. ಇವತ್ತೇ ಭರಣಿ ಬಾಯಿ ಬಿಚ್ಚಿದ್ದು. ಗಿಡದ ಮಾತು ಬಂದ್ರೆ ನೀನೇ ಅಲ್ದಾ ಎಂಗಕ್ಕೆ ಗುರು? ಅದಕ್ಕೇ ಮೊದಲು ನಿಂಗೆ."

ಹಿತ್ತಲ ದಿಬ್ಬಕ್ಕೆ ಓಡಿದೆ. ಮರದ ತುದಿಯಲ್ಲಿ ಕೊಯ್ಯಲು ಸಿಗದೆ ಉಳಿದಿದ್ದ ನಾಲ್ಕಾರು ಹಣ್ಣು ಕೆಂಪಾಗಿ, ಬಾಯಿ ಬಿಟ್ಟು, ಒಳಗಿನ ಕರಿ ಬೀಜ ಹೊಳೆಯುತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಆಕಿ. ಹುಟ್ಟಿದ್ದು ಪಶ್ಚಿಮ ಆಫ್ರಿಕಾದಲ್ಲಿ, ಅಡುಗೆಮನೆ ಸೇರಿದ್ದು ಜಮೈಕಾದಲ್ಲಿ. ಮರದಲ್ಲೇ ತಾನಾಗಿ ಬಾಯಿ ಬಿಟ್ಟ ಮೇಲೆ ಅದರ ಕೆನೆಬಣ್ಣದ ತಿರುಳನ್ನಷ್ಟೇ ಬಿಡಿಸಿ, ಬೇಯಿಸಿ ತಿನ್ನುತ್ತಾರೆ. ಬಾಯಿ ಬಿಡುವ ಮೊದಲು ಅದು ವಿಷ. ವಾಂತಿಯಿಂದ ಶುರುವಾಗಿ, ರಕ್ತದಲ್ಲಿ ಸಕ್ಕರೆ ಇಳಿದು, ಎಚ್ಚರ ತಪ್ಪಿ, ಜೀವವೇ ಹೋಗಬಹುದು. ಕಾಲೇಜಿನ ಆ ಒಂದು ತರಗತಿಯಲ್ಲಿ ನಮಗೆ ಹೇಳಿದ್ದು ಇಷ್ಟು. ಇದನ್ನು ಮಿಡಿಯಲ್ಲೇ ಕೊಯ್ದು ಉಪ್ಪಿನಕಾಯಿ ಹಾಕಬೇಡಿ ಎಂದು ಜಮೈಕಾದವರಿಗೆ ಯಾರೂ ಹೇಳಬೇಕಾಗಿ ಬಂದಿರಲಿಕ್ಕಿಲ್ಲ. ಮಲೆನಾಡಿನವರಿಗೆ ಹೇಳಬೇಕಿತ್ತು.

ಗಣಪಣ್ಣ ಹಿಂದೆಯೇ ಬಂದರು. "ಮಾರುವವ ಆಫ್ರಿಕಾದ ಕೆಂಪು ಲಿಚಿ ಹೇಳಿ ಕೊಟ್ಟಿದ್ದ" ಎಂದರು. ಮುಖ ಮರದ ಎಲೆಯಷ್ಟೇ ಹಸಿರಾಗಿತ್ತು.

ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನಮ್ಮಲ್ಲಿ ಉಪ್ಪಿಗೆ ಹಾಕಿದ ಮಿಡಿಯನ್ನು ಮಸಾಲೆ ಬೆರೆಸುವ ಮೊದಲೇ ಹತ್ತಿರದವರಿಗೆ ಹಂಚುವುದು ರೂಢಿ. ಅವರವರ ಮನೆಯ ಖಾರ ಅವರವರು ಹಾಕಿಕೊಳ್ಳುತ್ತಾರೆ. ಸರೋಜಕ್ಕ ಮೂರು ಬಾಟಲಿ ಹಂಚಿದ್ದರು. ತೀರ್ಥಹಳ್ಳಿಯ ಮಗಳಿಗೆ, ರಿಪ್ಪನ್‌ಪೇಟೆಯ ನಾದಿನಿಗೆ, ಹೊನ್ನೆಮರಡಿನಲ್ಲಿ ಹೋಂಸ್ಟೇ ನಡೆಸುವ ಅಣ್ಣನ ಮಗ ಪ್ರಕಾಶನಿಗೆ. ತಾಲ್ಲೂಕಿಗೊಂದರಂತೆ.

ಮನೆಯ ಭರಣಿಯನ್ನು ಗಣಪಣ್ಣನೇ ಗುಂಡಿ ತೋಡಿ ಸುರಿದರು. ಸರೋಜಕ್ಕ ಕಂಬಕ್ಕೆ ಒರಗಿ ಕೂತಿದ್ದರು. "ಯನ್ನ ಕೈಯಿಂದ ಯಾರಿಗಾರೂ ಎಂತಾರೂ ಆದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನಾನೂ ರಫೀಕನೂ ಜೀಪು ಹತ್ತಿದೆವು.

ಆ ಕಡೆ ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ತಿರುವಿನಲ್ಲಿ ಮಾತ್ರ. ಅಲ್ಲಿ ನಿಂತು ತೀರ್ಥಹಳ್ಳಿಯ ಮಗಳಿಗೆ ಕರೆ ಮಾಡಿದೆ.

"ಅಯ್ಯೋ, ಆ ಬಾಟ್ಲಿನಾ? ತೆಗೆದೇ ಇಲ್ಲೆ" ಎಂದಳು. ಆಮೇಲೆ ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿ, "ಅಮ್ಮನ ಹತ್ರ ಹೇಳಡಿ. ಅಮ್ಮ ಕಳಿಸಿದ ಉಪ್ಪಿನಕಾಯಿ ಯಾವ್ದೂ ತೆಗೆದಿಲ್ಲೆ. ಮೂರು ವರ್ಷದ್ದು ಮಂಚದಡಿಗೆ ಇದ್ದು. ಇವ್ರಿಗೆ ಅಂಗಡಿದೇ ಆಗಕ್ಕು."

ರಕ್ತದ ಸಕ್ಕರೆ ಇಳಿಸಿ ಕೊಲ್ಲುವ ವಿಷ ಅದು, ಗುಂಡಿ ತೋಡಿ ಸುರಿ ಎಂದೆ. ಅಳಿಯನ ನಾಲಿಗೆ ಒಂದು ಮನೆಯನ್ನು ಉಳಿಸಿತ್ತು. ಹೊನ್ನೆಮರಡಿನ ಪ್ರಕಾಶನ ಫೋನು ಮಾತ್ರ ವ್ಯಾಪ್ತಿ ಪ್ರದೇಶದ ಹೊರಗಿದೆ ಎನ್ನುತ್ತಿತ್ತು. ಹಿನ್ನೀರಿಗೆ ತೆಪ್ಪ ಇಳಿಸಿದರೆ ಅವನು ಸಂಜೆಯವರೆಗೂ ಸಿಗುವುದಿಲ್ಲ. ಸಂಜೆಗೆ ಅತಿಥಿಗಳ ಊಟ. ರಿಪ್ಪನ್‌ಪೇಟೆಯ ಮೇಲೆ ಹಾದು ಅಲ್ಲಿಗೆ ಹೋಗಲೇಬೇಕಿತ್ತು.

ದಾರಿಯಲ್ಲಿ ರಫೀಕ್ ಕೇಳಿದ, "ಮೇಡಂ, ಒಂದ್ ಡೌಟು. ಆ ಕಾಯಿ ತಿಂದ್ರೆ ಎಷ್ಟೊತ್ತಿಗೆ ಗೊತ್ತಾಗುತ್ತೆ?"

"ಕೆಲವ್ರಿಗೆ ಎರಡು ಮೂರು ಗಂಟೆ, ಕೆಲವ್ರಿಗೆ ಮಾರನೇ ದಿನ. ಯಾಕೋ?"

"ಸುಮ್ನೆ. ಜನರಲ್ ನಾಲೆಜ್ಜು."

ಹೊಸನಗರ ದಾಟಿದ ಮೇಲೆ ಮತ್ತೆ, "ಒಂದು ತಿಂದ್ರೂ ಆಗುತ್ತಾ, ಎರಡು ತಿನ್ಬೇಕಾ?"

"ಉಪ್ಪಿನಕಾಯಿನ ಯಾರಾದ್ರೂ ಎರಡೆರಡು ತಿಂತಾರೇನೋ?"

"ರುಚಿ ಇದ್ರೆ ತಿಂತಾರೆ ಮೇಡಂ."

ನಾನು ಪ್ರಕಾಶನ ನಂಬರನ್ನು ಒತ್ತುತ್ತಲೇ ಇದ್ದೆ. ಡ್ರೈವರನ ಮುಖ ನೋಡಲು ನನಗೆ ಪುರುಸೊತ್ತಿರಲಿಲ್ಲ.

ರಿಪ್ಪನ್‌ಪೇಟೆಯಲ್ಲಿ ಸರೋಜಕ್ಕನ ನಾದಿನಿ ಜಯಕ್ಕ ಹಪ್ಪಳ ಸಂಡಿಗೆಯ ಅಂಗಡಿ ಇಟ್ಟಿದ್ದರು. ಬೆಳಿಗ್ಗೆಯಷ್ಟೇ ಮಿಡಿಗೆ ಮಸಾಲೆ ಬೆರೆಸಿ, ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ನೆನೆಯಲು ಇಟ್ಟಿದ್ದರು. ನಾನು ವಿಷಯ ಹೇಳಿದೆ. ಅವರು ಕೇಳಿ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅತ್ತಿಗೆ ಕಳಿಸಿದ್ದಾ ನಿನ್ನ?"

"ಅಲ್ದೇ ಜಯಕ್ಕಾ, ಇದು ನಿಜವಾಗ್ಲೂ ವಿಷ."

"ಗೊತ್ತಿದ್ದು ಬಿಡು. ಕೊಟ್ಟಿದ್ದು ಜಾಸ್ತಿ ಆತು ಹೇಳಿ ಈಗ ಹೊಟ್ಟೆ ಉರೀತಾ ಇದ್ದು ಅದಕ್ಕೆ. ಹೋದ ವರ್ಷ ಹಲಸಿನ ಹಪ್ಪಳಾನೂ ಹಿಂಗೇ ಮಾಡಿತ್ತು. ವಾಪಸ್ ಕೇಳಕ್ಕೆ ನಾಚಿಕೆ ಆಗಿ ವಿಷ ಹೇಳ್ತಾ ಇದ್ದು. ಗೌರ್ಮೆಂಟ್ ಜೀಪು ಬೇರೆ!"

ವಿಜ್ಞಾನ ಹೇಳಿದೆ. ಜಮೈಕಾ ಹೇಳಿದೆ. ಅವರು ಬಾಟಲಿಯನ್ನು ಇನ್ನಷ್ಟು ಒಳಕ್ಕೆ ಸರಿಸಿದರು. ಆಗ ರಫೀಕ್ ಮುಂದೆ ಬಂದು, "ಎಲ್ಲಿ ಅಕ್ಕಾ, ಬಣ್ಣ ನೋಡಣ, ನಮ್ಮನೇಲೂ ಇಂಥದ್ದೇ ಇದೆ" ಎಂದು ನಯವಾಗಿ ಕೈಚಾಚಿದ. ಬಾಟಲಿ ಅವನ ಕೈಗೆ ಬಂತು, ಕೈಯಿಂದ ಸಿಮೆಂಟು ನೆಲಕ್ಕೆ ಹೋಯಿತು. ಮಸಾಲೆ ನನ್ನ ಸೀರೆಯ ಅಂಚಿನವರೆಗೂ ಹಾರಿತು.

"ಕೈ ಜಾರ್ತು ಅಕ್ಕಾ."

ಜಯಕ್ಕ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಮಂಡಿಯೂರಿ ಕೂತು ಒಂದೂ ಬಿಡದಂತೆ ಮಿಡಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹೆಕ್ಕಿದೆ. ಜೀಪಿಗೆ ಬಂದ ಮೇಲೆ ಅವನ ಬೆನ್ನು ತಟ್ಟಿ, "ಒಳ್ಳೇ ನಾಟಕ ಮಾಡ್ದೆ ಮಾರಾಯ" ಎಂದೆ. ಅವನು ನಕ್ಕ. ಅದು ನಾಟಕವೋ, ಕೈ ಆಗಲೇ ನಡುಗುತ್ತಿತ್ತೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಕೇಳಿದರೆ ಅವನು ಒಂದೊಂದು ದಿನ ಒಂದೊಂದು ಉತ್ತರ ಹೇಳುತ್ತಾನೆ.

ಆನಂದಪುರದಲ್ಲಿ ಜೀಪು ನಿಲ್ಲಿಸಿದ. ಕಬ್ಬಿನಹಾಲು ಕುಡಿದ. ಇನ್ನೊಂದು ಲೋಟ ಕುಡಿದ. ಕಿಸೆ ತುಂಬ ಪೆಪ್ಪರ್‌ಮಿಂಟು ಕೊಂಡ. "ಜನ ಸಾಯೋ ಹೊತ್ತಲ್ಲಿ ನಿಂಗೆ ತಿಂಡಿ ಯೋಚ್ನೆನಾ?" ಎಂದು ರೇಗಿದೆ.

"ಬಾಯಿ ಕಹಿ ಆಗಿದೆ ಮೇಡಂ" ಎಂದ. ಸಾಗರ ದಾಟುವಾಗ, ತಾಳಗುಪ್ಪದ ಕಡೆ ತಿರುಗುವಾಗ, ಕಟಕಟ ಪೆಪ್ಪರ್‌ಮಿಂಟು ಅಗಿಯುತ್ತಲೇ ಇದ್ದ. ಸಕ್ಕರೆ ಇಳಿಯುತ್ತದೆ ಎಂದು ಗುಡ್ಡದ ತಿರುವಿನಲ್ಲಿ ನಿಂತು ಫೋನಿನಲ್ಲಿ ಹೇಳಿದವಳು ನಾನೇ. ಅದನ್ನು ಕೇಳಿಸಿಕೊಂಡು ಲೆಕ್ಕ ಹಾಕಿದವನು ಅವನು.

ಹೊನ್ನೆಮರಡು ತಲುಪಿದಾಗ ಸೂರ್ಯ ಹಿನ್ನೀರಿಗೆ ಇಳಿಯುತ್ತಿದ್ದ. ಹೋಂಸ್ಟೇಯ ಜಗಲಿಯಲ್ಲಿ ಮೈಸೂರಿನ ಕಡೆಯ ಒಂದು ಕುಟುಂಬ ಊಟಕ್ಕೆ ಕೂತಿತ್ತು, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಸಮೇತ. ಪ್ರಕಾಶ ಒದ್ದೆ ಚಡ್ಡಿಯಲ್ಲೇ ಬಡಿಸುತ್ತಿದ್ದ. ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಚಮಚ.

"ಇದು ಸ್ಪೆಷಲ್ ಸಾರ್. ಆಫ್ರಿಕಾದ ಮಿಡಿ. ಇಡೀ ಕರ್ನಾಟಕದಲ್ಲಿ ಬೇರೆ ಕಡೆ ಸಿಗಲ್ಲ."

ಅವನ ಕೈಯಿಂದ ಬಾಟಲಿ ಕಿತ್ತುಕೊಂಡೆ. ಅರಚಿದೆನಂತೆ. ಏನೆಂದು ಅರಚಿದೆ ಎಂಬುದು ನೆನಪಿಲ್ಲ. ಚಿಕ್ಕ ಮಗಳು ಹೆದರಿ ಅಳತೊಡಗಿದಳು. ಎಲ್ಲರ ತಟ್ಟೆಯನ್ನೂ ನೋಡಿದೆ. ಅನ್ನ, ಸಾರು, ಪಲ್ಯ. ಮಿಡಿ ಇನ್ನೂ ಯಾರ ತಟ್ಟೆಗೂ ಬಿದ್ದಿರಲಿಲ್ಲ. ಮೂರೂ ಬಾಟಲಿಗೆ ಲೆಕ್ಕ ಸಿಕ್ಕಿತು. ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತು, "ರಫೀಕಾ, ಮುಗೀತು ಮಾರಾಯ" ಎಂದೆ.

ಜೀಪಿನ ಹಿಂದೆ ಯಾರೋ ವಾಂತಿ ಮಾಡಿಕೊಳ್ಳುತ್ತಿದ್ದರು.

ಅವನು ಟೈರು ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಮೇಡಂ, ಬೈಬೇಡಿ" ಎಂದ. "ಅಟ್ಟದಿಂದ ಭರಣಿ ಇಳಿಸಿಕೊಟ್ಟಿದ್ದು ನಾನು. ಏಣಿ ಮೇಲೇ ಎರ್ಡು ಹೊಡ್ದೆ. ಅಕ್ಕಂಗೆ ಗೊತ್ತಿಲ್ಲ. ನಿಮಗಿಂತ ಮೊದ್ಲು ತಿಂದೆ ಅಂತ ಗೊತ್ತಾದ್ರೆ ಬೇಜಾರು ಮಾಡ್ಕತಾರೆ."

"ನನಗ್ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೊಸನಗರದಲ್ಲೇ ಆಸ್ಪತ್ರೆಗೆ ತಿರುಗಿಸ್ತಿದ್ರಿ. ಇಲ್ಲಿ ಇವ್ರು ತಿಂದಿರ್ತಿದ್ರು."

ಪ್ರಕಾಶ ಸ್ಟೇರಿಂಗ್ ಹಿಡಿದ. ನಾನು ಹಿಂದಿನ ಸೀಟಿನಲ್ಲಿ ರಫೀಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಮೈಸೂರಿನ ಕುಟುಂಬದ ತಾಯಿ ಕೊಟ್ಟ ಸಕ್ಕರೆ ನೀರನ್ನು ಚಮಚದಿಂದ ಕುಡಿಸುತ್ತ ಕೂತೆ. ಅರ್ಧ ಒಳಗೆ ಹೋದರೆ ಅರ್ಧ ಹೊರಗೆ ಬರುತ್ತಿತ್ತು. ಅವನನ್ನು ಮಾತಾಡಿಸುತ್ತಲೇ ಇರಬೇಕಿತ್ತು. ಅದು ಕಷ್ಟವಾಗಲಿಲ್ಲ, ಮೊದಮೊದಲು.

"ಮೇಡಂ, ನಾನ್ ಸತ್ರೆ ರಿಪೋರ್ಟಲ್ಲಿ ಉಪ್ಪಿನಕಾಯಿ ಅಂತ ಬರೀಬೇಡಿ. ಹುಲಿ ಅಂತ ಬರೀರಿ."

"ಬಾಯ್ಮುಚ್ಚೋ."

"ಮುಚ್ಚಬೇಡ ಅಂದ್ರಲ್ಲ ಈಗ?"

"ಹೌದು. ಮಾತಾಡು. ಮುಮ್ತಾಜಿಗೆ ಏನು ಹೇಳ್ಬೇಕು ಹೇಳು." ಮುಮ್ತಾಜ್ ಅವನ ಹೆಂಡತಿ.

"ಅವಳಿಗೆ... ಹುಲೀನೇ ಹೇಳಿ. ಚಿರತೆ ಅಂದ್ರೆ ಮರ್ಯಾದೆ ಇಲ್ಲ."

ಪ್ರಕಾಶ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದ. ತಾಳಗುಪ್ಪದ ದೀಪಗಳು ಹಿಂದೆ ಬಿದ್ದ ಮೇಲೆ ರಫೀಕನ ಮಾತು ತೊದಲಿತು. ಆಮೇಲೆ ನಿಂತಿತು. ಕೆನ್ನೆಗೆ ಹೊಡೆದೆ. ಹೆಸರು ಕೂಗಿದೆ. ಜೀಪಿನ ಸೈಲೆನ್ಸರಿನ ಬಗ್ಗೆ ಕೇಳಿದೆ. ಆ ಜೀಪಿನ ಬಗ್ಗೆ ಏನು ಕೇಳಿದರೂ ಸಿಡಿದೇಳುವವನು ಸುಮ್ಮನೆ ಇದ್ದ. ಇಷ್ಟು ವರ್ಷ ಅವನ ಪಕ್ಕದ ಸೀಟಿನಲ್ಲಿ ಕೂತು, ಇವನು ಒಂದು ಗಳಿಗೆ ಸುಮ್ಮನಿರಬಾರದೇ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಆ ಮೌನ ಸಾಗರದ ಆಸ್ಪತ್ರೆಯ ಗೇಟಿನವರೆಗೂ ಇತ್ತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಇಂಜಿನ್ನಿನ ಸದ್ದಷ್ಟೇ ಕೇಳಿಸುತ್ತದೆ.

ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಡ್ಯೂಟಿಯಲ್ಲಿದ್ದರು. "ಏನು ತಿಂದಿದ್ದು?"

"ಉಪ್ಪಿನಕಾಯಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೀರೆಗೆ ಮಸಾಲೆ, ಕೈಯಲ್ಲಿ ಉಪ್ಪಿನಕಾಯಿಯ ಬಾಟಲಿ. ಆಕಿಯ ಹೆಸರನ್ನು ಒಂದೊಂದೇ ಅಕ್ಷರ ಹೇಳಿದೆ, ಸಕ್ಕರೆ ಇಳಿಯುವುದನ್ನು ಹೇಳಿದೆ. ಅವರು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದರು. ಆಮೇಲೆ ಒಂದೂ ಪ್ರಶ್ನೆ ಕೇಳದೆ ಗ್ಲೂಕೋಸ್ ಹಚ್ಚಿಸಿದರು. ಸ್ವಲ್ಪ ಸಮಾಧಾನವಾದ ಮೇಲೆ ಹೇಳಿದರು, "ದಾರಿಯಲ್ಲಿ ಅಷ್ಟು ಸಿಹಿ ತಿಂದಿಲ್ಲದಿದ್ರೆ ಡ್ರೈವಿಂಗ್ ಮಾಡ್ತಾನೇ ಬೀಳ್ತಿದ್ರು ಅನ್ಸುತ್ತೆ. ಆಗ ನೀವಿಬ್ರೂ ಇರ್ತಿರಲಿಲ್ಲ."

ಬೆಳಗಿನ ಜಾವ ರಫೀಕ್ ಕಣ್ಣು ಬಿಟ್ಟ. ಮುಮ್ತಾಜ್ ತಲೆದೆಸೆಯಲ್ಲಿ, ನಾನು ಕಾಲದೆಸೆಯಲ್ಲಿ ನಿಂತಿದ್ದೆವು. ಇಬ್ಬರನ್ನೂ ನೋಡಿ ಹೇಳಿದ, "ಏನೇ ಹೇಳಿ ಮೇಡಂ. ರುಚಿ ಮಾತ್ರ ಬೆಂಕಿ."

ಮುಮ್ತಾಜ್ ಅವನಿಗೆ ಹೊಡೆಯಲು ಕೈ ಎತ್ತಿ, ಗ್ಲೂಕೋಸಿನ ನಳಿಗೆ ನೋಡಿ ಕೈ ಇಳಿಸಿದಳು.

ಹೊಸಬರಿಗೆ ಇಲ್ಲಿ ಒಂದು ಮಾತು. ಹೊಸ ಗಿಡ ತಂದವರನ್ನು ಹಣ್ಣು ಹೇಗಿರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು, ಇದರ ಕಾಯಿಯನ್ನು ಏನು ಮಾಡುತ್ತೀರಿ ಎಂದು ಕೇಳಿ. ಗಂಡಸರನ್ನಲ್ಲ, ಅಡುಗೆಮನೆಗೆ ಹೋಗಿ ಕೇಳಿ. ನೆಡುವವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು, ಅಟ್ಟದಿಂದ ಇಳಿಸುವವರು ಮತ್ತೊಬ್ಬರು ಎಂಬುದು ಯಾವ ಪಠ್ಯದಲ್ಲೂ ಇಲ್ಲ.

ಕಚೇರಿಯಲ್ಲಿ ಬೇರೆಯದೇ ನಡೆಯಿತು. ಅನುಮತಿಯಿಲ್ಲದೆ ಜೀಪು ಪಕ್ಕದ ತಾಲ್ಲೂಕಿಗೆ ಹೋದದ್ದೇಕೆ ಎಂದು ಮೇಲಿನವರು ವಿವರಣೆ ಕೇಳಿದರು. "ಉಪ್ಪಿನಕಾಯಿ ವಶಪಡಿಸಿಕೊಳ್ಳಲು" ಎಂದು ಬರೆದೆ. ಇಂಥ ಉದ್ದೇಶಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ತಿಳಿಯದೆ ಅದು ಎಲ್ಲೋ ಒಂದು ಮೇಜಿನ ಮೇಲೆ ಮಲಗಿತು. ಮಲಗಲು ಆಗದಿದ್ದದ್ದು ನನಗೆ.

ಸಂಜೆಯಾದರೆ ಜೀಪಿನ ಆ ಮೌನ ಬರುತ್ತಿತ್ತು. ನಿವೃತ್ತಳಾದ ಮೇಲೂ ಬಿಡಲಿಲ್ಲ. ಇನ್ನೊಂದು ಬಾಟಲಿ ಎಲ್ಲೋ ಉಳಿದಿದೆ, ಲೆಕ್ಕ ತಪ್ಪಿದೆ ಎನಿಸಿ ಏಳುತ್ತಿದ್ದೆ. ಮಲಗುವ ಮೊದಲು ರಫೀಕನಿಗೆ ಫೋನ್ ಮಾಡುವುದು ಅಭ್ಯಾಸವಾಯಿತು.

"ಇದೀಯಾ?"

"ಇದೀನಿ ಮೇಡಂ."

ಅಷ್ಟೇ ಮಾತು. ಕೆಲವು ದಿನ ಮುಮ್ತಾಜ್ ಎತ್ತಿಕೊಂಡು, "ಇದಾರೆ ಮೇಡಂ, ಗೊರಕೆ ಹೊಡೀತಿದಾರೆ, ಬೇಕಾದ್ರೆ ಕೇಳಿಸ್ಲಾ?" ಎನ್ನುತ್ತಿದ್ದಳು. ಕೇಳಿಸು ಎನ್ನುತ್ತಿದ್ದೆ. ಆದರೂ ನಡುರಾತ್ರಿ ಎಚ್ಚರವಾಗುವುದು ತಪ್ಪುತ್ತಿರಲಿಲ್ಲ.

ಏಕೆಂದರೆ ಮರ ಇನ್ನೂ ನಿಂತಿತ್ತು. ಕಡಿಸಿ ಎಂದು ಎಷ್ಟು ಹೇಳಿದರೂ ಗಣಪಣ್ಣ ಒಪ್ಪಲಿಲ್ಲ. "ಮರದ್ದೆಂತ ತಪ್ಪು ಇದ್ದು? ಬೇಲಿ ಹಾಕ್ತಿ" ಎಂದು ಮುಳ್ಳುಬೇಲಿ ಹಾಕಿದರು. ಸರೋಜಕ್ಕ ಹಿತ್ತಲಿಗೆ ಹೋಗುವುದನ್ನೇ ಬಿಟ್ಟರು. ಭರಣಿಗಳನ್ನೆಲ್ಲ ತೊಳೆದು ಬೋರಲು ಹಾಕಿದರು. ಅವರ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ ಬಡಿಸದ ವರ್ಷ ಅದು. ರಫೀಕ್ ಹೋಗಿ, "ಅಕ್ಕಾ, ಕದ್ದವನು ನಾನು, ಶಿಕ್ಷೆ ಊರಿಗೆಲ್ಲಾ ಯಾಕೆ?" ಎಂದು ಕಾಡಿಸಿದರೂ ನಗಲಿಲ್ಲವಂತೆ.

ಒಂದು ಬೆಳಿಗ್ಗೆ ಗಣಪಣ್ಣನೇ ಫೋನ್ ಮಾಡಿದರು. ಗುಡ್ಡದ ತಿರುವಿಗೆ ನಡೆದು ಬಂದು ಮಾಡಿದ್ದರು, ಏದುಸಿರಿತ್ತು.

"ತಂಗೀ, ಮರ ಕಡಿದೇ ಬಿಡನ. ನೀನೂ ಬಾ, ರಫೀಕನ್ನೂ ಕರ್ಕಂಡು ಬಾ."

"ಎಂತಾತು ಗಣಪಣ್ಣ?"

"ಈ ಸಲದ ಕಾಯಿ ಬಿಟ್ಟಿದ್ದು. ನಿನ್ನೆ ಬೇಲಿ ಒಳಗೆ ಹೋದಿ. ಒಂದು ಕೊಯ್ದಿ. ಮೂಸಿದಿ. ಒಂದ್ಸಲ ಕಚ್ಚಿ ಉಗಿದ್ರೆ ಎಂತಾಗ್ತು ಅನಿಸ್ತು. ಎಲ್ಲಾ ಗೊತ್ತಿದ್ದೂ ಅನಿಸ್ತಲೇ! ಕಾಯಿ ಬಾಯಿ ಹತ್ರ ಬಂದಿತ್ತು. ಮರ ಇರಕ್ಕಾ, ಆನು ಇರಕ್ಕಾ ಹೇಳಿ ಆತು."

ಮರುದಿನವೇ ಹೋದೆವು. ರಫೀಕ್ ಮರ ಕೊಯ್ಯುವ ಮೆಷಿನ್ನು ತಂದಿದ್ದ. ತನಗೆ ವಿಷ ಕೊಟ್ಟ ಮರಕ್ಕೆ ಮೊದಲ ಗಾಯ ತನ್ನದೇ ಆಗಬೇಕು ಎಂದು ಹಟ ಹಿಡಿದು ಬುಡಕ್ಕೆ ಮೆಷಿನ್ನು ಹಚ್ಚಿದ. ಬಿದ್ದ ಮರದ ಕಾಯಿಯನ್ನೆಲ್ಲ ನಾನೂ ಸರೋಜಕ್ಕನೂ ಹೆಕ್ಕಿ ಗುಂಡಿಗೆ ಹಾಕಿದೆವು. ಎಲೆಯಡಿ, ಕಲ್ಲಿನ ಸಂದಿ, ಚರಂಡಿ ಎಲ್ಲ ಕಡೆ ಕೈಯಾಡಿಸಿ ಹುಡುಕಿದೆವು. ಬುಡ ಕಿತ್ತು, ಗುಂಡಿಗೆ ಮಣ್ಣು ಎಳೆಯುವಾಗ ನಾನೂ ಗುದ್ದಲಿ ಹಿಡಿದೆ. ಗಣಪಣ್ಣ ಮಾತ್ರ ಬೆನ್ನು ತಿರುಗಿಸಿ ಕೂತಿದ್ದರು. ಸರೋಜಕ್ಕ ಗುಂಡಿಯ ಮೇಲಿನ ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡಿ, ಗಂಡನ ಕಡೆ ನೋಡಿ ಹೇಳಿದರು, "ಇನ್ನು ಯಾವ ಗಿಡ ತಂದ್ರೂ ಮೊದಲು ತಂಗಿ ತಿಂದು ನೋಡ್ಲಿ."

"ನಾನ್ಯಾಕೆ?" ಎಂದೆ.

"ನೀನು ಉಗಿತೆ. ಇವ್ರಿಬ್ರೂ ನುಂಗ್ತ."

ಸಾಗರದ ನನ್ನ ಮನೆಗೆ ಬಂದಾಗ ಕತ್ತಲಾಗಿತ್ತು. ಅಂಗೈಯಲ್ಲಿ ಬೊಕ್ಕೆ, ಸೊಂಟ ಎತ್ತಲು ಬಾರದು. ಕಾಲು ತೊಳೆದು, ಒಂದು ಗಳಿಗೆ ಒರಗೋಣ ಎಂದು ಮಂಚಕ್ಕೆ ಒರಗಿದೆ.

ಫೋನು ಬಡಿದುಕೊಳ್ಳುವ ಸದ್ದಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬಿಸಿಲು. ಹಾಲಿನವನು ಬಂದು ಹೋಗಿದ್ದ. ತಡಕಾಡಿ ಫೋನೆತ್ತಿಕೊಂಡೆ. ರಫೀಕ್.

"ಮೇಡಂ, ರಾತ್ರಿ ನಿಮ್ಮ ಫೋನೇ ಬರ್ಲಿಲ್ಲ. ಮುಮ್ತಾಜ್ ನಾನು ಇಬ್ರೂ ನಿದ್ದೆ ಮಾಡಿಲ್ಲ." ಆಮೇಲೆ ಕೇಳಿದ, "ಇದೀರಾ?"